ಇನ್ನೂ ಬೀಳುತ್ತಿರುವ ಬಂಡೆ

ಮೈದಾ ಹಿಟ್ಟಿನ ಅಂಟು ಕುದಿಯುವಾಗ ಒಂದು ವಾಸನೆ ಬರುತ್ತದೆ. ಇರುವೆ ಮುತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದರಂತೂ ಅದಕ್ಕೊಂದು ಒಗರು ಸೇರಿಕೊಳ್ಳುತ್ತದೆ. ಅದರ ಜೊತೆಗೆ ಕಿಟಕಿಯಿಂದ ಹೊಗೆಸೊಪ್ಪು ಬೇಯುತ್ತಿರುವ ಸಿಹಿಗಂಪೂ ತೇಲಿ ಬಂದರೆ, ಹನಗೋಡಿನ ಲೈಬ್ರರಿಯ ಆ ಒಂದು ಮಳೆಗಾಲ ಎದ್ದು ಬಂದು ನನ್ನೆದುರು ಕೂತಂತಾಗುತ್ತದೆ. ಹೋದ ವಾರ ಹಾಗೇ ಆಯಿತು. ಆಗ ಹನಗೋಡಿನ ಲೈಬ್ರರಿ ನೋಡಿಕೊಳ್ಳುತ್ತಿದ್ದವಳು ನಾನೇ, ಈಗ ಬೇರೆ ಊರಿನದು ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಮನೆ. ನಮ್ಮೂರಿನ ಲೈಬ್ರರಿ ಅಷ್ಟು ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಅಂದು ನಾನು ರಜೆ ಹಾಕಿದ್ದೆ, ನಮ್ಮ ಯಜಮಾನರೂ ಜೊತೆಗಿದ್ದರು, ಒಳಗೆ ಹೋದೆವು. ಹಿತ್ತಿಲ ಮೆಟ್ಟಿಲ ಮೇಲೆ ಒಲೆ ಹೊತ್ತಿಸಿ ಯಾರೋ ಅಂಟು ಕಾಯಿಸುತ್ತಿದ್ದರು.

ಆ ವರ್ಷ ಮುಂಗಾರು ಸರಿಯಾದ ಹೊತ್ತಿಗೆ ಹಿಡಿದಿತ್ತು. ಹೊಗೆಸೊಪ್ಪು ಮೊಣಕಾಲು ದಾಟಿ, ಸೊಂಟ ದಾಟಿ, ಎದೆ ಮಟ್ಟಕ್ಕೆ ಬಂದಿತ್ತು. ಮೊದಲ ಕೊಯ್ಲಿನ ಎಲೆ ಬ್ಯಾರನ್ನಿಗೆ ತುಂಬುವ ದಿನ. ಬ್ಯಾರನ್ ಎಂದರೆ ಎಲೆ ಬೇಯಿಸಿ ಹದ ಮಾಡುವ ಎತ್ತರದ ಮನೆ. ಒಳಗೆ ಅಂತಸ್ತು ಅಂತಸ್ತಾಗಿ ಅಡ್ಡಗಳುಗಳು, ಅವುಗಳ ಮೇಲೆ ಎಲೆ ಪೋಣಿಸಿದ ಕಡ್ಡಿಗಳನ್ನು ತೂಗುಹಾಕಬೇಕು. ಎರಡು ಗಳುಗಳ ಮೇಲೆ ಕಾಲಗಲಿಸಿ ನಿಂತು ಕೆಳಗಿನವರು ಕೊಡುವ ಕಡ್ಡಿಯನ್ನು ಮೇಲಕ್ಕೆಳೆದುಕೊಳ್ಳುವ ಕೆಲಸ ನಮ್ಮ ಯಜಮಾನರದು. ಮದುವೆಯಾದಾಗಿನಿಂದ ನೋಡಿದ್ದೇನೆ, ಆ ಜಾಗವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಆ ದಿನ ಗಳುವಿನ ಮೇಲೆ ಹಸಿ ಎಲೆಯ ಜಿಗುಟಿತ್ತೋ ಏನೋ, ಕಾಲು ಜಾರಿತು.

ಕಾಲಿಗೆ ಪ್ಲಾಸ್ಟರ್ ಬಿತ್ತು. ಮೂಳೆ ಕೂಡುತ್ತದೆ, ಆದರೆ ಮತ್ತೆ ಮೇಲೆ ಹತ್ತುವ ಮಾತು ಬೇಡ ಎಂದರು ಡಾಕ್ಟರು. ಬ್ಯಾರನ್ನಿಗೆ ನನ್ನ ಮೈದುನ ನಿಂತ. ಇವರು ನಡುಮನೆಯ ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿದರು. ಬಸ್ಸಾರು ಮಾಡಿದ ದಿನ ಎರಡು ಮುದ್ದೆ ಸಲೀಸಾಗಿ ಉಣ್ಣುತ್ತಿದ್ದವರು ಒಂದನ್ನೇ ಮುರಿದು ಅರ್ಧ ಬಿಡತೊಡಗಿದರು. ನೋವೇ ಎಂದರೆ ಇಲ್ಲ, ಕೋಪವೇ ಎಂದರೆ ಇಲ್ಲ. ಮಾತೇ ಇಲ್ಲ. ಕಾಲು ಕೂಡುವುದರ ಬಗ್ಗೆ ನನಗೆ ಭಯವಿರಲಿಲ್ಲ. ಈ ಮನುಷ್ಯ ಹೀಗೇ ಗೋಡೆ ನೋಡುತ್ತ ಉಳಿದುಬಿಟ್ಟರೆ ಎಂಬುದೇ ನನ್ನ ಭಯ.

ಗೋಡೆಯನ್ನೇ ನೋಡುವುದಾದರೆ ಲೈಬ್ರರಿಯ ಗೋಡೆ ನೋಡಲಿ ಎಂದು ಪಕ್ಕದ ಮನೆಯವರ ಆಟೋದಲ್ಲಿ ಕರೆದುಕೊಂಡು ಹೋಗತೊಡಗಿದೆ. ಕಿಟಕಿ ಪಕ್ಕ ಬೆತ್ತದ ಕುರ್ಚಿ, ಕಾಲಿಡಲು ಒಂದು ಸ್ಟೂಲು. ಆ ಹೊತ್ತಿಗೆ ಲೈಬ್ರರಿಯಲ್ಲಿ ಗೋಡೆ ಕಾಮಿಕ್ಸ್ ನಡೆಯುತ್ತಿತ್ತು. ದೊಡ್ಡ ಹಾಳೆಯಲ್ಲಿ ಚಿತ್ರಕತೆ ಬರೆದು ಗೋಡೆಗೆ ಅಂಟಿಸುವುದು. ಅದನ್ನು ಶುರುಮಾಡಿದವನು ನದೀಂ. ಹುಣಸೂರಿನಲ್ಲಿ ಅವರ ತಂದೆಗೆ ಫರ್ನಿಚರ್ ಪಾಲಿಶ್ ಅಂಗಡಿ. ಇವನು ಡಿಗ್ರಿ ಮುಗಿಸಿ, ಶನಿವಾರಗಳಲ್ಲಿ ಲೈಬ್ರರಿಯಿಂದ ಲೈಬ್ರರಿಗೆ ಸುತ್ತಿ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದ. ಬೆರಳಿನಲ್ಲಿ ಯಾವಾಗಲೂ ಪಾಲಿಶ್ ವಾಸನೆ, ಚೀಲದಲ್ಲಿ ಪರದೇಶದ ಸೂಪರ್‌ಹೀರೋ ಕಾಮಿಕ್ಸು.

ಒಂದು ಮಧ್ಯಾಹ್ನ, ಅಕ್ಷರ ಬರೆಯುವುದರಲ್ಲಿ ಚುರುಕಾಗಿದ್ದ ಸಿಂಚನ ಎಂಬ ಹೈಸ್ಕೂಲು ಹುಡುಗಿ ಇವರ ಕುರ್ಚಿ ಹತ್ತಿರ ಹೋಗಿ ಕೇಳಿದಳು. "ಮಾಮ, ನಿಮ್ಗೆ ದೇವ್ರು ಒಂದ್ ಶಕ್ತಿ ಕೊಡ್ತೀನಿ ಅಂದ್ರೆ ಏನ್ ಕೇಳ್ತೀರ? ಹಾರೋದಾ?"

"ಹಾರೋದ್ಯಾಕವ್ವ, ಬಿದ್ದಿದ್ದೇ ಸಾಕಾಗ್ಯದೆ," ಎಂದರು ಇವರು. ಎಷ್ಟೋ ದಿನದ ಮೇಲೆ ಬಂದ ಮೊದಲ ಪೂರಾ ವಾಕ್ಯ ಅದು. ಆಮೇಲೆ ಕಾಲನ್ನು ಸ್ಟೂಲಿನ ಮೇಲೆ ಸರಿಮಾಡಿಕೊಂಡು, "ಎಲ್ಲಾನೂವೆ ಒಸಿ ನಿಧಾನ ಮಾಡೋ ಶಕ್ತಿ ಇದ್ರೆ ಸಾಕಿತ್ತು ಕಣವ್ವ. ನಿಧಾನಕ್ಕೆ ಬಿದ್ದಿದ್ರೆ ಯಾರಾದ್ರೂ ಹಿಡ್ಕೊಳ್ಳೋರು," ಎಂದರು.

ಮಕ್ಕಳು ಬಿದ್ದು ಬಿದ್ದು ನಕ್ಕರು. ಇವರ ಮೀಸೆಯೂ ಸ್ವಲ್ಪ ಅಲುಗಿತು. ಹಾಗೆ ಹುಟ್ಟಿದವನು ನಿಧಾನಪ್ಪ.

ಪಂಚೆ, ಹೆಗಲ ಮೇಲೆ ಟವಲ್, ದಪ್ಪ ಮೀಸೆ. ಬೇರೆ ಹೀರೋಗಳಿಗೆ ಬೆನ್ನ ಹಿಂದೆ ಹಾರುವ ನಿಲುವಂಗಿ ಇರುತ್ತದಲ್ಲ, ನಿಧಾನಪ್ಪನಿಗೆ ಆ ಟವಲ್ಲೇ. ಒಂದು ಬೆರಳು ತಾಗಿಸಿದರೆ ಸಾಕು, ಎಂಥ ವೇಗವೂ ಬಸವನಹುಳುವಿನ ನಡಿಗೆಯಾಗುತ್ತದೆ. ಮೊದಲ ಕತೆಯಲ್ಲಿ ಬ್ರೇಕ್ ಕೆಟ್ಟು ಇಳಿಜಾರಿನಲ್ಲಿ ನುಗ್ಗುತ್ತಿದ್ದ ಬಸ್ಸಿಗೆ ಬೆರಳಿಟ್ಟ. ಜನ ಇಳಿದು, ಟೀ ಕುಡಿದು, ಎಲೆಅಡಿಕೆ ಹಾಕಿಕೊಂಡು, ಮತ್ತೆ ಹತ್ತಿ ತಮ್ಮ ತಮ್ಮ ಸೀಟಿನಲ್ಲೇ ಕೂತರು. ಎರಡನೆಯದರಲ್ಲಿ ಸೊಸೆಗೆ ಹೊಡೆಯಲು ಎತ್ತಿದ ಅತ್ತೆಯ ಕೈಗೆ ತಾಗಿಸಿದ. ಕೈ ಕೆಳಗಿಳಿಯುವಷ್ಟರಲ್ಲಿ ಅತ್ತೆಗೆ ಕೋಪವೇ ಮರೆತುಹೋಗಿ, ಅದೇ ಕೈಯಲ್ಲಿ ಸೊಸೆಯ ತಲೆಗೆ ಎಣ್ಣೆ ಹಚ್ಚಿದಳು. ಇದನ್ನು ನೋಡಲು ನಮ್ಮೂರಿನ ಅತ್ತೆಯರೂ ಬಂದರು, ಸೊಸೆಯರೂ ಬಂದರು, ಆದರೆ ಬೇರೆ ಬೇರೆ ಹೊತ್ತಿನಲ್ಲಿ.

ಈ ಶಕ್ತಿ ಇವರಿಗೆಲ್ಲಿ ಹೊಳೆಯಿತು ಎಂದು ನನಗೆ ಗೊತ್ತಿತ್ತು. ಬ್ಯಾರನ್ನಿನ ಕಾವನ್ನು ಬೆರಳು ಬೆರಳಾಗಿ ಏರಿಸಬೇಕು. ಆತುರಪಟ್ಟರೆ ಹೊನ್ನಿನ ಬಣ್ಣ ಬರಬೇಕಾದ ಎಲೆ ಕರ್ರಗಾಗುತ್ತದೆ. ಮೈದುನನಿಗೆ ಫೋನಿನಲ್ಲಿ ದಿನಾ ಅದೇ ಹೇಳುವುದು: "ಸೌದೆ ತುರುಕ್ಬೇಡ ಕಣ್ಲಾ, ಎಷ್ಟ್ ಕಾವು ಬೇಕು ಅಂತ ಎಲೆನೇ ಹೇಳ್ತದೆ." ಫೋನು ಇಟ್ಟು, ಮಕ್ಕಳ ಜೊತೆ ನಿಧಾನಪ್ಪನನ್ನು ಬರೆಯಲು ಪೆನ್ಸಿಲು ಹಿಡಿಯುತ್ತಿದ್ದರು. ಮನೆಯಲ್ಲಿ ಮುದ್ದೆ ಮತ್ತೆ ಎರಡಾಯಿತು.

ಆಷಾಢ ಕಳೆಯುವ ಹೊತ್ತಿಗೆ ನದೀಂ ಒಂದು ದೊಡ್ಡ ಯೋಚನೆಯೊಂದಿಗೆ ಬಂದ. ಅವನು ಸುತ್ತುವ ಉಳಿದ ಲೈಬ್ರರಿಗಳಲ್ಲೂ ಮಕ್ಕಳು ಒಬ್ಬೊಬ್ಬ ಹೀರೋ ಕಟ್ಟಿದ್ದರು. ಭೇರ್ಯದಲ್ಲಿ ಕಾಲುವೆಯೊಳಗೇ ಊರೂರು ಈಜುವ ನಾಲೆವೀರ. ಪಿರಿಯಾಪಟ್ಟಣದ ಕಡೆ, ಬೈಲಕುಪ್ಪೆಯ ಟಿಬೆಟನ್ ಹುಡುಗನೊಬ್ಬ ಬರೆದ ಬಿಳಿಸಿಂಹ. ಕೋಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಯಲ್ಲಿ, ಮೈಲಿಗಟ್ಟಲೆ ದೂರದ ಸದ್ದು ಕೇಳುವ ಆನೆಕಿವಿ ಎಂಬ ಹುಡುಗಿ.

"ನಾಲ್ಕು ತಾಲ್ಲೂಕು, ನಾಲ್ಕು ಹೀರೋ, ಒಂದೇ ಕತೆ! ಕ್ರಾಸ್‌ಓವರ್ ಅಂತಾರೆ ಮೇಡಂ ಇದಕ್ಕೆ," ಎಂದು ಚೀಲದಿಂದ ಒಂದು ಕಾಮಿಕ್ಸ್ ತೆಗೆದು ಎರಡು ಪುಟ ಅಗಲಿಸಿ ಹಿಡಿದ. ನೋಡಿದರೆ ಹೀರೋಗಳ ಸಂತೆ. ಹಾರುವವರು, ಗುದ್ದುವವರು, ಕಣ್ಣಿನಿಂದ ಬೆಂಕಿ ಬಿಡುವವರು. ಬಣ್ಣಕ್ಕೆ ಕಣ್ಣು ಕುಕ್ಕುತ್ತಿತ್ತು.

ಇವರು ಕನ್ನಡಕ ಏರಿಸಿ ನೋಡಿದರು. "ಇದೇನಪ್ಪ, ಗುಂಪಲ್ಲಿ ಗೋವಿಂದ ಅಂದಂಗದೆ. ಇಲ್ಲಿ ಮೂಲೇಲಿ ಬರೀ ಕಾಲು ಕಾಣ್ತದಲ್ಲ, ಇವನ್ಯಾರು?"

"ಅವನಿಗೆ ಬೇರೆ ಪುಸ್ತಕ ಇದೆ ಅಂಕಲ್. ಅದನ್ನ ಓದಿದ್ರೆ ಗೊತ್ತಾಗುತ್ತೆ."

"ಅದನ್ನ ಓದುದ್ರೆ ಮುಗೀತಾ?"

"ಅದರಲ್ಲಿ ಇನ್ನೊಬ್ಬ ಬರ್ತಾನೆ. ಅವನಿಗೂ ಬೇರೆ ಪುಸ್ತಕ ಇದೆ."

"ಚೌಲ್ಟ್ರಿ ಮದ್ವೆ ಇದ್ದಂಗದೆ ಬುಡು. ಎಲ್ಲಾರೂ ಬಂದವ್ರೆ, ಒಬ್ಬರ ಜೊತೆನೂ ನೆಟ್ಟಗೆ ಮಾತಾಡಕ್ಕಾಗಲ್ಲ."

ಆದರೂ ಚೌಲ್ಟ್ರಿ ಮದುವೆಗೆ ಹೊರಡುವಾಗಿನ ಸಡಗರ ಯಾರನ್ನು ಬಿಟ್ಟಿದೆ? ಊರುಗಳನ್ನೇ ನುಂಗುತ್ತ ನಡೆದು ಬರುವ 'ಹಸಿದ ಬೆಟ್ಟ' ಎಂಬ ರಾಕ್ಷಸನನ್ನು ಎಲ್ಲರೂ ಸೇರಿ ಕಲ್ಪಿಸಿದರು. ಪ್ರತಿ ಹಾಳೆಯನ್ನು ಒಂದೊಂದು ಲೈಬ್ರರಿ ಬರೆದು, ನಕಲು ತೆಗೆದು ಉಳಿದ ಮೂರು ಕಡೆಗೆ ಕಳಿಸುವುದೆಂದಾಯಿತು. ಮೊದಲ ಹಾಳೆ ನಮ್ಮಲ್ಲಿ ಅಂಟಿಸಿದ ದಿನ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಹುಣಸೂರು ದಾಟಿ ನೋಡದ ಸಿಂಚನ ಕೋಟೆ ಕಡೆಯ ಕಾಡು ಬರೆಯಬೇಕಾಗಿ, ಅಲ್ಲಿಂದ ಮದುವೆಯಾಗಿ ಬಂದಿದ್ದ ಹೆಂಗಸರನ್ನೆಲ್ಲ ಹಿಡಿದು ಯಾವ ಮರ, ಎಂಥ ದಾರಿ ಎಂದು ಕೇಳಿ ಬರೆದಳು. ಬಿಳಿಸಿಂಹದ ಹುಡುಗ ಅವರಮ್ಮನ ಜೊತೆ ಒಂದು ಡಬ್ಬಿ ಮೊಮೊ ತಂದ. ಇವರು ಒಂದನ್ನು ಬಾಯಿಗೆ ಹಾಕಿಕೊಂಡು, "ಕಾಯ್ಕಡುಬಿಗೆ ಖಾರ ತುಂಬ್ದಂಗದೆ, ಇನ್ನೊಂದ್ ಕೊಡಪ್ಪ," ಎಂದರು. ತಮ್ಮೂರಿನ ಹೀರೋ ನೋಡಲು ಬಂದವರು ಪರ ಊರಿನ ಹೀರೋನನ್ನು ನೆಂಟನ ಹಾಗೆ ವಿಚಾರಿಸಿಕೊಂಡು ಹೋಗುತ್ತಿದ್ದರು. ಒಂದೊಂದೇ ಕತೆಯಾಗಿದ್ದರೆ ಇದಾಗುತ್ತಿರಲಿಲ್ಲ. ಇದನ್ನು ಒಪ್ಪಲೇಬೇಕು.

ಇನ್ನು ರಗಳೆ. ಮುಖಗಳು ಒಂದೇ ಅಳತೆಯಲ್ಲಿವೆಯೇ ಎಂದು ಭೇರ್ಯದ ಮಕ್ಕಳು ಸ್ಕೇಲಿಟ್ಟು ನೋಡಿ, ನಾಲೆವೀರನ ತಲೆ ಚಿಕ್ಕದಾಯಿತೆಂದು ಜಗಳ ತೆಗೆದರು. ಕೋಟೆಯವರು, "ನಮ್ಮೋಳು ಬರೀ ಕಿವಿಗೊಟ್ಕೊಂಡು ಕೂರಕ್ಕಾ ಬಂದಿರೋದು? ಅವ್ಳಿಗೂ ಒಂದ್ ಫೈಟ್ ಕೊಡಿ," ಎಂದು ಹೇಳಿ ಕಳಿಸಿದರು. ಎಲ್ಲರಿಗೂ ಒಂದೊಂದು ಮಾತು, ಒಂದೊಂದು ಗುದ್ದು ಹಂಚುವಷ್ಟರಲ್ಲಿ ಕತೆಗೇ ಜಾಗವಿಲ್ಲ. ಅದರಲ್ಲೂ ನಿಧಾನಪ್ಪ ದೊಡ್ಡ ತೊಡಕಾದ. ಅವನು ಬೆರಳಿಟ್ಟನೆಂದರೆ ಬೆಟ್ಟ ನಿಂತುಬಿಡುತ್ತದೆ. ಬೆಟ್ಟ ನಿಂತರೆ ಹೊಡೆದಾಟವೆಲ್ಲಿ? ನಾಲ್ಕನೆಯ ಹಾಳೆ ಪಿರಿಯಾಪಟ್ಟಣದ ಕಡೆಯವರ ಸರದಿ. ನದೀಂ ಅಲ್ಲಿ ಕೂತು ತೀರ್ಮಾನ ಮಾಡಿದ: ದೊಡ್ಡ ಕತೆ ದೊಡ್ಡದು ಅನ್ನಿಸಬೇಕಾದರೆ ಒಬ್ಬರಾದರೂ ಸಾಯಬೇಕು. ಯಾರು ಸಾಯಬೇಕೆಂಬುದಕ್ಕೆ ಚರ್ಚೆಯೇ ಆಗಲಿಲ್ಲವಂತೆ.

ನಮ್ಮ ಕಡೆ ಏನನ್ನೇ ಕಳಿಸಬೇಕಾದರೂ ಆ ಕಡೆ ಹೋಗುವವರ ಕೈಯಲ್ಲಿ ಕಳಿಸುವುದು ರೂಢಿ. ಸೊಪ್ಪಿನ ಕಟ್ಟಾಗಲಿ, ಲಗ್ನಪತ್ರಿಕೆಯಾಗಲಿ, ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಯಾರಾದ್ರೂ ಭೇರ್ಯಕ್ಕೋಗ್ತೀರೇನ್ರೀ?" ಎಂದರೆ ಮುಗಿಯಿತು. ಹಾಳೆಗಳೂ ಹಾಗೇ ಓಡಾಡುತ್ತಿದ್ದವು. ಶ್ರಾವಣ ಬಂತು, ಮದುವೆಗಳು ಶುರುವಾದವು. ಪಿರಿಯಾಪಟ್ಟಣದಿಂದ ಭೇರ್ಯಕ್ಕೆ ಹೋಗುವವರು ಬೇಕಾದಷ್ಟು ಸಿಕ್ಕರು, ಹನಗೋಡಿಗೆ ಬರುವವರು ಒಬ್ಬರೂ ಸಿಗಲಿಲ್ಲ. ಮೇಲಾಗಿ ನಡುವೆ ಲಕ್ಷ್ಮಣತೀರ್ಥ ಹೊಳೆ ತುಂಬಿ ಹರಿಯುತ್ತಿತ್ತು. ಹೀಗಾಗಿ ನಮ್ಮ ಗೋಡೆಯ ಮೇಲೆ ಮೂರನೆಯ ಹಾಳೆಯಲ್ಲಿ ನಿಧಾನಪ್ಪ ಆನೆಕಿವಿಯ ಮನೆಯಲ್ಲಿ ಕೂತು ಅಕ್ಕಿರೊಟ್ಟಿ ತಿನ್ನುತ್ತಿದ್ದ. ಅದೇ ಹೊತ್ತಿಗೆ ಭೇರ್ಯದ ಗೋಡೆಯಲ್ಲಿ ಸತ್ತುಹೋಗಿದ್ದ.

ಸುದ್ದಿ ತಂದವಳು ನನ್ನ ನಾದಿನಿ ಜಯಮ್ಮ. ಅವಳನ್ನು ಕೊಟ್ಟಿರುವುದು ಭೇರ್ಯಕ್ಕೆ. ಒಂದು ಬೆಳಿಗ್ಗೆ ನೆನೆದ ಸೆರಗು, ಕೈಯಲ್ಲಿ ಚೀಲ, ಕೆದರಿದ ತಲೆ, ಲೈಬ್ರರಿ ಬಾಗಿಲಲ್ಲಿ ನಿಂತು "ಅಣ್ಣಯ್ಯಾ!" ಎಂದು ಒಂದು ಕೂಗು ಹಾಕಿದಳು. ಪೇಪರ್ ಓದುತ್ತಿದ್ದವರೆಲ್ಲ ಎದ್ದು ನಿಂತರು.

"ಏನಮ್ಮಿ ಜಯ? ಯಾಕಮ್ಮಿ ಅಳ್ತಿದ್ದೀಯ?" ಎಂದರು ಇವರು ಪೆನ್ಸಿಲು ಹಿಡಿದುಕೊಂಡೇ.

"ನೀನು ಬದ್ಕಿದ್ದೀಯಲ್ಲ, ಅದ್ಕೇ ಅಳ್ತಾ ಇವ್ನಿ! ಅಲ್ಲಿ ಗ್ವಾಡೆ ಮ್ಯಾಲೆ ನಿನ್ನ ಬಂಡೆ ಕೆಳಗಾಕಿ ಸಾಯ್ಸವ್ರೆ. ಮೀಸೆನೂ ನಿಂದೇ, ಟವಲ್ಲೂ ನಿಂದೇ. ನಮ್ಮ ಬೀದಿ ಐಕ್ಳು ಅತ್ಕೊಂಡು ಮನೆಗೆ ಬಂದ್ವು." ಆಮೇಲೆ ನನ್ನ ಕಡೆ ತಿರುಗಿ, "ಬದ್ಕಿರೋ ಮನ್ಸನ್ನ ಸತ್ತಂಗೆ ಬರೀಬಾರ್ದು ಅಂತ ನಿಮ್ಗಾದ್ರೂ ಗೊತ್ತಾಗ್ನಿಲ್ವಾ ಅತ್ಗೆ? ಇಷ್ಟೊಂದ್ ಪುಸ್ತಕ ಮಡಿಕ್ಕೊಂಡು ಕೂತಿದ್ದೀರಲ್ಲ!"

ಅದು ಕತೆ, ಅದು ಅವರಲ್ಲ ಎಂದು ಹೇಳಲು ಹೋದೆ. ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ. ಮೆಟ್ಟಿಲ ಮೇಲಿದ್ದ ಅಂಟಿನ ಪಾತ್ರೆ ಇಳಿಸಿ, ಚೀಲದಿಂದ ಉಪ್ಪು, ಒಣಮೆಣಸಿನಕಾಯಿ ತೆಗೆದು, ಅಣ್ಣನಿಗೆ ತಲೆಯಿಂದ ಪ್ಲಾಸ್ಟರಿನವರೆಗೆ ನೀವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಲೈಬ್ರರಿಗೆ ಲೈಬ್ರರಿಯೇ ಕೆಮ್ಮಿತು. "ಘಾಟು ಬಂತಲ್ಲ, ಸದ್ಯ, ದೃಷ್ಟಿ ಬುಟ್ಟೋಯ್ತು," ಎಂದಳು ಜಯಮ್ಮ.

ಎಲ್ಲರೂ ಕೆಮ್ಮುತ್ತ ನಗುತ್ತಿದ್ದೆವು. ಇವರೊಬ್ಬರು ನಗಲಿಲ್ಲ. "ಸತ್ತೋದ್ನಾ?" ಎಂದು ಮೆಲ್ಲಗೆ ಕೇಳಿದರು. ಪೆನ್ಸಿಲನ್ನು ಡಬ್ಬಿಗೆ ಹಾಕಿ ಮುಚ್ಚಿದರು. "ಮನೆಗೋಗಣ ನಡಿಯಮ್ಮಿ."

ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಆ ವಾರ ಪ್ಲಾಸ್ಟರ್ ತೆಗೆದರು, ಕೋಲು ಹಿಡಿದು ದಿನಾ ನಾಲ್ಕು ಹೆಜ್ಜೆ ನಡೆಯಲೇಬೇಕು, ಇಲ್ಲದಿದ್ದರೆ ಕಾಲು ಬಿಗಿದುಕೊಳ್ಳುತ್ತದೆ ಎಂದರು ಡಾಕ್ಟರು. ಕೋಲು ಮಂಚದ ಪಕ್ಕದಲ್ಲಿ ಒರಗಿಸಿದ ಹಾಗೇ ಇತ್ತು. ಮತ್ತೆ ಗೋಡೆ ಕಡೆಗೆ ಮುಖ, ತಟ್ಟೆಯಲ್ಲಿ ಅರ್ಧ ಮುದ್ದೆ. ಊರಿಗೆ ವಾಪಸ್ ಹೋಗದೆ ಉಳಿದಿದ್ದ ಜಯಮ್ಮ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ, "ನಾನೇ ಬಾಯ್ಬುಟ್ಟು ಕೆಡಿಸ್ದೆ ಕಣತ್ಗೆ," ಎಂದು ಕಣ್ಣೊರೆಸಿಕೊಂಡಳು. ಕಾಗದದ ಮೇಲಿನ ಒಬ್ಬ ಮನುಷ್ಯ ಸತ್ತದ್ದಕ್ಕೆ ಇಷ್ಟಾಗುತ್ತದೆಯೇ ಎಂದರೆ, ಆಗುತ್ತದೆ. ಬ್ಯಾರನ್ನಿನಲ್ಲಿ ಇವರ ಜಾಗ ಹೋಯಿತು. ಗೋಡೆಯ ಮೇಲೆ ಸಿಕ್ಕಿದ್ದ ಜಾಗವೂ ಹೋಯಿತು.

ನದೀಂ ಮಳೆಯಲ್ಲೇ ಸ್ಕೂಟರಿನಲ್ಲಿ ಬಂದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನಾಲ್ಕನೆಯ ಹಾಳೆ ಎದೆಗವಚಿಕೊಂಡಿದ್ದ. ಜಯಮ್ಮ ಅವನಿಗೆ ಕಾಫಿ ಕೊಟ್ಟಳು, ಮುಖ ಕೊಡಲಿಲ್ಲ.

"ಅಂಕಲ್, ತಪ್ಪು ತಿಳ್ಕೋಬೇಡಿ. ದೊಡ್ಡ ಕತೆಗಳಲ್ಲಿ ಇದು ಮಾಮೂಲಿ. ಐದನೇ ಹಾಳೇಲಿ ಎಬ್ಬಿಸ್ಬಿಡ್ತೀವಿ. ಬಿಳಿಸಿಂಹ ಮಂತ್ರದ ನೀರು ಚಿಮುಕಿಸುತ್ತೆ, ನಿಧಾನಪ್ಪ ಎದ್ದು ಕೂರ್ತಾರೆ. ಅಲ್ಲಾ ಕಸಮ್, ನಾನೇ ಬರೀತೀನಿ."

ಇವರು ಗೋಡೆಯಿಂದ ತಿರುಗಿದರು. "ಬ್ಯಾಡ ಕಣಪ್ಪ."

"ಯಾಕೆ ಅಂಕಲ್?"

"ಭೇರ್ಯದಲ್ಲಿ ಐಕ್ಳು ಅತ್ತವಂತೆ. ಸತ್ತೋನು ಅಂಗೇ ಸಲೀಸಾಗಿ ಎದ್ ಬಂದ್ರೆ ಅತ್ತಿದ್ದಕ್ಕೇನ್ ಬೆಲೆ ಬಂತು? ಮುಂದ್ಕೆ ಯಾರ್ ಸತ್ರೂ ಒಬ್ರೂ ಅಳಾಕಿಲ್ಲ."

ನದೀಂ ಕಾಫಿ ಲೋಟ ಕೆಳಗಿಟ್ಟ. "ಇದನ್ನೇ ಎಲ್ಲರೂ ಬೈಯೋದು ಅಂಕಲ್, ನಾನೂ ಓದುವಾಗ ಬೈತೀನಿ. ಬರೆಯೋಕೆ ಕೂತಾಗ ಬೇರೆ ದಾರಿ ಕಾಣಲ್ಲ. ಹಾಗಾದ್ರೆ ಸತ್ತೋನು ಸತ್ತ ಅಂತ ಬಿಡೋದಾ?"

"ಬುಡಾಕಾಯ್ತದಾ?" ಎಂದಳು ಜಯಮ್ಮ. "ನಮ್ಮಣ್ಣನ್ನ ಬಂಡೆ ಕೆಳ್ಗೆ ಬುಟ್ಟು ನಾನು ಊರ್ಗೋಗಾಕಿಲ್ಲ."

"ಎಲ್ಲಿ, ಆ ಹಾಳೆ ಕೊಡು," ಎಂದರು ಇವರು.

ಮಂಚದ ಮೇಲೆ ಬಿಡಿಸಿದೆವು. ಹಸಿದ ಬೆಟ್ಟ ತನ್ನ ಎದೆಯಿಂದ ಒಂದು ಬಂಡೆ ಕಿತ್ತು ಎಸೆಯುತ್ತದೆ. ಆನೆಕಿವಿಯನ್ನು ಪಕ್ಕಕ್ಕೆ ತಳ್ಳಿ ನಿಧಾನಪ್ಪ ಅದರ ಕೆಳಗೆ ನಿಲ್ಲುತ್ತಾನೆ, ಕಣ್ಣು ಮುಚ್ಚಿದ್ದಾನೆ, ಒಂದು ಬೆರಳು ಮೇಲೆತ್ತಿದ್ದಾನೆ. ಮುಂದಿನ ಚಿತ್ರದಲ್ಲಿ ಬರೀ ಧೂಳು. ಅದರ ಮುಂದೆ ಎಲ್ಲ ಹೀರೋಗಳೂ ತಲೆ ಬಗ್ಗಿಸಿ ನಿಂತಿದ್ದಾರೆ. 'ನಿಧಾನಪ್ಪ ಇನ್ನಿಲ್ಲ' ಎನ್ನುತ್ತಾನೆ ನಾಲೆವೀರ.

ಇವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಈ ಬೆರಳು ಬಂಡೆಗೆ ತಾಗ್ಯದಾ?"

"ತಾಗಿದೆ ಅಂಕಲ್. ಚೆನ್ನಾಗಿ ಕಾಣ್ಲಿ ಅಂತ ನಾನೇ ತಾಗಿಸಿ ಬರ್ದೆ."

"ತಾಗಿದ್ ಮ್ಯಾಲೆ ಮತ್ತೆ?"

ಎಲ್ಲರೂ ಹಾಳೆಯ ಮೇಲೆ ಬಗ್ಗಿದೆವು. ಹಂಚಿನ ಮೇಲೆ ಮಳೆ ಬೀಳುತ್ತಿತ್ತು. ಮೊದಲು ಹೊಳೆದದ್ದು ಜಯಮ್ಮನಿಗೆ. "ಅಯ್ಯೋ, ಬಂಡೆ ಇನ್ನೂ ಬಿದ್ದೇ ಇಲ್ವಲ್ಲ!"

"ಸತ್ತ ಅಂತ ಅಂದೋನ್ಯಾರು? ನಾಲೆವೀರ. ಅವ್ನು ಧೂಳು ಇಳಿಯೋವರ್ಗೂ ಕಾದ್ನಾ?" ಎಂದರು ಇವರು. ಎದ್ದು ಕೂತಿದ್ದರು. "ಎಲ್ರಿಗೂ ಅವಸ್ರ ಕಣಪ್ಪ ನಿಮ್ಗೆ."

ನದೀಂ ತಲೆ ಮೇಲೆ ಕೈಹೊತ್ತು ಒಂದು ಸಲ ಜೋರಾಗಿ ನಕ್ಕ. ಐದನೆಯ ಹಾಳೆ ನಾನೇ ಬರೆಯುತ್ತೇನೆ, ದೊಡ್ಡ ಹಾಳೆ ಲೈಬ್ರರಿಯಲ್ಲಿದೆಯಲ್ಲ, ಈಗಲೇ ಹೋಗೋಣ ಎಂದು ಇವರು ಹಟ ಹಿಡಿದರು. ಆಟೋದವರು ಪಟ್ಟಣಕ್ಕೆ ಹೋಗಿದ್ದರು. ಇವರು ಕೋಲಿನ ಕಡೆ ಕೈಚಾಚಿದರು. ನಾನು ಕೊಡೆ ಹಿಡಿದೆ, ಜಯಮ್ಮ ರೆಟ್ಟೆ ಹಿಡಿದಳು, ನದೀಂ ಸ್ಕೂಟರನ್ನು ತಳ್ಳಿಕೊಂಡು ಹಿಂದೆ ಬಂದ. ಕೆಸರಿನಲ್ಲಿ ಒಂದೊಂದೇ ಹೆಜ್ಜೆ.

"ಬಿದ್ದೀಯ ಅಣ್ಣಯ್ಯ, ಉಸಾರು."

"ಬಿದ್ರೂ ನಿಧಾನ್ವಾಗಿ ಬೀಳ್ತೀನಿ ಬುಡು."

ಐದನೆಯ ಹಾಳೆಯಲ್ಲಿ ಧೂಳು ಇಳಿಯಿತು. ನಿಧಾನಪ್ಪ ನಿಂತೇ ಇದ್ದ. ತಲೆಯ ಮೇಲೆ ಒಂದು ಗೇಣು ಅಂತರದಲ್ಲಿ ಬಂಡೆ, ಕೂದಲೆಳೆ ಕೂದಲೆಳೆಯಾಗಿ ಇಳಿಯುತ್ತಿತ್ತು. ಬೆರಳು ತೆಗೆಯುವಂತಿಲ್ಲ, ಅಲ್ಲಿಂದ ಕದಲುವಂತಿಲ್ಲ. ಆ ಬಂಡೆಯೇ ಹಸಿದ ಬೆಟ್ಟದ ಗುಂಡಿಗೆ ಎಂದು ಸಿಂಚನ ಸೇರಿಸಿದಳು. ಗುಂಡಿಗೆ ಇಲ್ಲಿ ಸಿಕ್ಕಿಕೊಂಡ ಮೇಲೆ ಬೆಟ್ಟ ಅಲ್ಲೇ ಮಲಗಿತು, ಮೈಮೇಲೆ ಹುಲ್ಲು ಬೆಳೆಯಿತು. ಹೀರೋಗಳೆಲ್ಲ ಗೆದ್ದು ತಮ್ಮ ತಮ್ಮ ಊರಿಗೆ ಹೊರಟರು. ನಿಧಾನಪ್ಪನಿಗೆ ಆನೆಕಿವಿ ಊಟ ತರುತ್ತಾಳೆ, ಮಕ್ಕಳು ಪೇಪರ್ ಓದಿ ಹೇಳುತ್ತಾರೆ, ಹೋಗುವವರು ಬರುವವರು ಪಕ್ಕದಲ್ಲಿ ಕೂತು ಕಷ್ಟಸುಖ ಮಾತಾಡುತ್ತಾರೆ. ಈ ಸಲ ಹಾಳೆಯನ್ನು ಯಾರ ಕೈಯಲ್ಲೂ ಕಳಿಸಲಿಲ್ಲ. ಭೇರ್ಯಕ್ಕೆ ಜಯಮ್ಮನೇ ಒಯ್ದು, ನಿಂತು ಅಂಟಿಸಿದಳು.

ಇವರು ಮತ್ತೆ ಗಳು ಹತ್ತಲಿಲ್ಲ. ಬ್ಯಾರನ್ನಿನ ಒಲೆ ಮುಂದೆ ಕುರ್ಚಿ ಹಾಕಿಸಿಕೊಂಡು ಕಾವು ನೋಡಿದರು. ಕೊನೆಯ ಕೊಯ್ಲಿನ ಎಲೆ ಹೊನ್ನಿನ ಹಾಗೆ ಬಂತು. ಈಗಲೂ ಅದೇ ಅವರ ಜಾಗ.

ಆ ದೊಡ್ಡ ಕತೆಯಲ್ಲಿ ಎರಡನೆಯ ಹಾಳೆಯಲ್ಲಿ ಯಾರು ಯಾರಿಗೆ ಏನು ಕೊಟ್ಟರು, ಬಿಳಿಸಿಂಹ ಯಾಕೆ ಮುನಿಸಿಕೊಂಡಿತು ಎಂದು ಇವತ್ತು ಕೇಳಿದರೆ ನನಗೇ ಹೇಳಲು ಬರುವುದಿಲ್ಲ. ಅಷ್ಟು ಗದ್ದಲ ಮಾಡಿ ಗೆದ್ದವರು ತಂತಮ್ಮ ಗೋಡೆಗೆ ಮರಳಿ, ಏನೂ ಆಗದವರಂತೆ ಹಳೆಯ ಕತೆ ಮುಂದುವರಿಸಿದರು. ಜಾತ್ರೆಯಷ್ಟು ಜನ ಸೇರಿ ಕೊನೆಗೆ ಉಳಿದದ್ದು ಒಂದು ಬಂಡೆ, ಒಂದು ಬೆರಳು. ಆದರೆ ಅಷ್ಟು ಜನ ಸೇರದಿದ್ದರೆ ಆ ಬಂಡೆಯನ್ನು ಎಸೆಯುವವರು ಯಾರಿದ್ದರು?

ಹೋದ ವಾರ ಅಂಟು ಕಾಯಿಸುತ್ತಿದ್ದವಳು ಸಿಂಚನ. ಈಗ ಕಾಲೇಜು ಹುಡುಗಿ. ತಿಂಗಳಿಗೊಂದು ಪುಟ್ಟ ಚಿತ್ರ ಅಂಟಿಸುವುದನ್ನು ಅವಳು ಬಿಟ್ಟಿಲ್ಲ. ಪ್ರತಿ ಸಲ ಬಂಡೆ ಒಂದು ರಾಗಿಕಾಳಿನಷ್ಟು ಕೆಳಗೆ. ಇವರು ಕೋಲೂರಿ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡು, ಚಿತ್ರದ ಬಂಡೆಗೆ ಬೆರಳಿಟ್ಟರು.

"ಈ ಸಲ ಜಾಸ್ತಿ ಇಳ್ಸಿದ್ದೀಯ ಕಣವ್ವ. ಒಸಿ ಮ್ಯಾಲಕ್ಕೆತ್ತು."

"ಬಂಡೆ ಮೇಲಕ್ಕೆ ಹೋಗಂಗಿಲ್ಲ ಮಾಮ, ನೀವೇ ಹೇಳಿದ್ದು."

"ಹಂಗಾರೆ ಮುಂದಿನ ತಿಂಗ್ಳು ಒಸಿ ತಡ್ದು ಅಂಟ್ಸು."

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಜಯಮ್ಮ. ತಿಂಗಳಿಗೊಮ್ಮೆ, ಕ್ಷೇಮಸಮಾಚಾರಕ್ಕೂ ಮೊದಲು ಅವಳು ಕೇಳುವುದು ಅದೊಂದೇ ಪ್ರಶ್ನೆ: "ಬಂಡೆ ಎಲ್ಲಿಗ್ ಬಂತು ಅತ್ಗೆ?"

ನಾನು ಇವರ ಮುಖ ನೋಡಿದೆ. ಇವರು ಬೆರಳನ್ನು ಚಿತ್ರದ ಮೇಲಿಂದ ತೆಗೆಯದೆಯೇ ಹೇಳಿದರು: "ಇನ್ನೂ ಬತ್ತಾನೇ ಅದೆ ಅನ್ನು. ಅವ್ಸರ ಏನಿಲ್ಲ, ಹಬ್ಬಕ್ ಬಂದ್ ನೋಡು ಅನ್ನು."